ಹತ್ತು ಪಾಯಿಂಟ್ ಎರಡು

ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ನಲವತ್ತೆರಡು ಬಿಳಿ ಕೋಟುಗಳನ್ನು ಹೊಲಿದುಕೊಟ್ಟ ಟೇಲರಣ್ಣ, ನಲವತ್ತಮೂರನೆಯದನ್ನು ತನ್ನ ಅಳತೆಗೇ ಕತ್ತರಿಸಿಕೊಂಡ. ಮುಂದೆ ಅವನ ಬೀದಿಯಲ್ಲಿ ಹಾಲು ಗಟ್ಟಿಯಾದದ್ದು, ಚರಂಡಿಗಳು ಫಳಫಳ ಹೊಳೆದದ್ದು, ಹೆಲ್ತ್ ಇನ್‌ಸ್ಪೆಕ್ಟರು ರಜೆಯ ದಿನವೂ ಕೆಲಸಕ್ಕೆ ಬಂದದ್ದು, ಎಲ್ಲದಕ್ಕೂ ಆ ನಲವತ್ತಮೂರನೆಯ ಕೋಟೇ ಕಾರಣ. ಕೋಟಿನದೇನೂ ತಪ್ಪಿಲ್ಲ. ಕಾಲರು ಬಹಳ ಚೆನ್ನಾಗಿ ಕೂತಿತ್ತು, ಅಷ್ಟೇ. ಅಷ್ಟು ಚೆನ್ನಾಗಿ ಕೂತ ಕಾಲರನ್ನು ಕಂಡರೆ ಒಳಗಿರುವವನು ಯಾರೋ ದೊಡ್ಡ ಮನುಷ್ಯ ಎಂದು ಜನ ಅಂದುಕೊಳ್ಳುವುದು ಸಹಜ.

ಒಳಗಿದ್ದವನು ಐವತ್ತೊಂದು ವರ್ಷದ ಸಣಕಲು ಆಸಾಮಿ. ಎಡಭುಜ ಬಲಭುಜಕ್ಕಿಂತ ಕಾಲಿಂಚು ಕೆಳಗೆ. ಹದಿನೇಳನೆಯ ವಯಸ್ಸಿನಲ್ಲಿ ಇದೇ ಕಾಲೇಜಿಗೆ ಸೇರಿದ್ದ. ಸೇರಿದ ಐದನೆಯ ವಾರಕ್ಕೆ ಅವನ ಅಪ್ಪನ ಕೈ ನಡುಗತೊಡಗಿತು. ನಡುಗುವ ಕೈಗೆ ಕತ್ತರಿ ಕೊಡುವಂತಿಲ್ಲವಾದ್ದರಿಂದ ಮಗ ಬಂದು ಹೊಲಿಗೆ ಮೆಷಿನ್ನಿನ ಮುಂದೆ ಕೂತ. ಲ್ಯಾಬಿನ ತರಗತಿ ಶುರುವಾಗಬೇಕಿದ್ದದ್ದು ಆರನೆಯ ವಾರದಲ್ಲಿ. ಹೀಗಾಗಿ ಆ ಗಾಜಿನ ನಳಿಗೆಗಳನ್ನೆಲ್ಲ ಅವನು ಕಿಟಕಿಯಿಂದ ನೋಡಿದ್ದೇ ಹೊರತು ಮುಟ್ಟಿರಲಿಲ್ಲ. ಮೂವತ್ತನಾಲ್ಕು ವರ್ಷ ಕಳೆದರೂ ಆ ಕೊರಗು ಹೋಗಲಿಲ್ಲ. ಇಡೀ ಊರಿನ ಎದೆ, ಸೊಂಟ, ತೋಳುಗಳನ್ನು ಅಳೆದವನಿಗೆ ಅಲ್ಲಿಯ ಒಂದು ಹನಿಯನ್ನು ಅಳೆಯಲಾಗಲಿಲ್ಲವಲ್ಲ ಎಂಬುದೇ ಅವನ ಸಂಕಟ.

ಈ ವರ್ಷ ಕಾಲೇಜಿನವರು ಸಂಜೆಯ ಹೊತ್ತು ಹೊಸ ಕೋರ್ಸೊಂದನ್ನು ತೆರೆದರು. ರಸಾಯನಶಾಸ್ತ್ರದ ಮೊದಲ ಪಾಠಗಳು. ವಾರಕ್ಕೆ ಎರಡು ದಿನ ತರಗತಿ, ಎರಡು ದಿನ ಲ್ಯಾಬು. ವಯಸ್ಸಿನ ಮಿತಿ ಇಲ್ಲ. ಕೋಟುಗಳ ಆರ್ಡರಿನ ಜೊತೆ ಬಂದ ಆ ಪ್ರಕಟಣೆಯನ್ನು ಟೇಲರಣ್ಣ ನಾಲ್ಕು ದಿನ ಅಳತೆ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು, ಐದನೆಯ ದಿನ ಹೆಂಡತಿಯ ಮುಂದೆ ಇಟ್ಟ. ಗುಂಡಿ ಹಚ್ಚುತ್ತಿದ್ದ ಆಕೆ ತಲೆಯೆತ್ತದೆ, ರಸಾಯನಶಾಸ್ತ್ರ ಬರುವುದಿಲ್ಲವೆಂದು ಇದುವರೆಗೆ ಯಾವ ಗಿರಾಕಿಯಾದರೂ ಪ್ಯಾಂಟು ವಾಪಸು ತಂದಿದ್ದಾನೆಯೇ ಎಂದು ಕೇಳಿದಳು. ಟೇಲರಣ್ಣ ಪ್ರಾಮಾಣಿಕವಾಗಿ ಯೋಚಿಸಿ ಇಲ್ಲವೆಂದ. ಆಕೆ ದಾರವನ್ನು ಹಲ್ಲಿನಲ್ಲಿ ಕಡಿದಳು.

"ಸರಿ, ನಾಲ್ಕೂವರೆಗೆ ಹೊರಡಿ. ಗುಂಡಿ, ಅಂಚು ಎಲ್ಲಾ ನಾನು ನೋಡ್ಕೋತೀನಿ. ಆದ್ರೆ ಫೇಲಾಗಿ ಬಂದು ಮೂಲೇಲಿ ಮುಖ ಸಪ್ಪಗೆ ಮಾಡ್ಕೊಂಡು ಕೂತ್ಕೊಳ್ಳೋ ಹಾಗಿಲ್ಲ. ಆ ಮುಖ ನೋಡಿ ನೋಡಿ ನನಗೆ ಸಾಕಾಗಿದೆ."

ಟೇಲರಣ್ಣನೂ ಒಂದು ಷರತ್ತು ಹಾಕಿದ. ಪಾಸಾಗುವವರೆಗೆ ಈ ಸಂಗತಿ ಬೀದಿಯಲ್ಲಿ ಯಾರ ಕಿವಿಗೂ ಬೀಳಕೂಡದು. ಐವತ್ತೊಂದನೆಯ ವಯಸ್ಸಿನಲ್ಲಿ ಫೇಲಾಗುವುದನ್ನು ಹೇಗೋ ತಡೆದುಕೊಳ್ಳಬಹುದು. ಐವತ್ತೊಂದನೆಯ ವಯಸ್ಸಿನಲ್ಲಿ ಫೇಲಾದೆಯಂತೆ ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತವರು ಕೇಳುವುದನ್ನು ತಡೆದುಕೊಳ್ಳಲಾಗುವುದಿಲ್ಲ. ಹೆಂಡತಿ ಒಪ್ಪಿದಳು.

ಲ್ಯಾಬಿನ ಮೊದಲ ದಿನವೇ ಹಾಜರಿ ಕೂಗುವಾಗ ತೊಂದರೆಯಾಯಿತು. ಆ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದ ಮೇಡಂ ಕುಳ್ಳಗಿದ್ದರು, ಮಾತು ಕಡಿಮೆ, ಕಣ್ಣು ಚೂಪು. ಹದಿನೇಳು ಜನರ ಪೈಕಿ ಕೊನೆಯದಾಗಿ ಇವನ ಸರದಿ ಬಂದಾಗ ಇವನ ಬಾಯಿಂದ ಹೊರಟದ್ದು ಯಾವ ಭಾಷೆಗೂ ಸೇರದ ಒಂದು ಸದ್ದು. ಮೇಡಂ ಹತ್ತಿರ ಬಂದು ನೋಡಿದರು. ಬೆಳಗಿನಿಂದ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಅವನು ತೆಗೆಯಲು ಮರೆತಿದ್ದ. ಲ್ಯಾಬಿನೊಳಗೆ ಬಾಯಿಗೆ ಯಾವ ವಸ್ತುವೂ ಹೋಗಕೂಡದೆಂಬ ಮೊದಲನೆಯ ನಿಯಮವನ್ನು ಅವರು ಆಗಷ್ಟೇ ಓದಿ ಮುಗಿಸಿದ್ದರು. ಒಂದು ಗಾಜಿನ ಬಟ್ಟಲನ್ನು ಮುಂದೆ ಹಿಡಿದರು. ಟೇಲರಣ್ಣ ಒಂದೊಂದಾಗಿ ಉದುರಿಸಿದ. ಏಳು ಇದ್ದವು. ಹದಿನೆಂಟರ ಹರೆಯದ ಹದಿನಾರು ಮಂದಿ ಬಿದ್ದು ಬಿದ್ದು ನಕ್ಕರು, ಮೇಡಂ ಮಾತ್ರ ನಗಲಿಲ್ಲ.

ಮುಂದಿನ ವಾರ ಅವನು ಬ್ಯುರೆಟ್ಟಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದ. ಬ್ಯುರೆಟ್ಟೆಂದರೆ ಉದ್ದನೆಯ ಗಾಜಿನ ನಳಿಗೆ, ಕೆಳಗೊಂದು ತಿರುಪು. ತಿರುಪು ಸಡಿಲಿಸಿದರೆ ಕ್ಷಾರ ಹನಿಹನಿಯಾಗಿ ಕೆಳಗಿನ ಫ್ಲಾಸ್ಕಿನಲ್ಲಿರುವ ಆಮ್ಲಕ್ಕೆ ಬೀಳುತ್ತದೆ. ಎಷ್ಟು ಬಿತ್ತೆಂದು ತಿಳಿಯಲು ನಳಿಗೆಯ ಮೇಲೇ ಗೆರೆಗಳಿರುತ್ತವೆ. ಇದ್ದ ಗೆರೆ ಸಾಲದೆಂದು ಇವನು ತನ್ನದೂ ನಾಲ್ಕು ಸೇರಿಸಿದ್ದು ಲ್ಯಾಬ್ ಅಟೆಂಡರಿಗೆ ಸಹನವಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಲ್ಯಾಬಿನ ಸೀಸೆಗಳನ್ನು ತುಂಬುತ್ತಿದ್ದವರು ಅವರು. ಇಷ್ಟೆಲ್ಲ ಗೆರೆ ನೋಡುವ ಅಗತ್ಯವೇ ಇಲ್ಲ, ಈ ಪ್ರಯೋಗಕ್ಕೆ ಹತ್ತು ಪಾಯಿಂಟ್ ಎರಡು ಮಿಲಿಲೀಟರು ಬರುತ್ತದೆ, ತಮ್ಮ ಸರ್ವೀಸಿನಲ್ಲಿ ಬೇರೇನೂ ಬಂದದ್ದಿಲ್ಲ ಎಂದು ತಿಳಿಹೇಳಿದರು. ಅದು ನಿಜವೇ ಆಗಿತ್ತು. ಟೇಲರಣ್ಣ ತಾನೇ ಮಾಡಿ ನೋಡಿದಾಗಲೂ ಹತ್ತು ಪಾಯಿಂಟ್ ಎರಡೇ ಬಂತು.

ಆದರೆ ಅವನು ನೋಡುವ ರೀತಿಯೇ ಬೇರೆ. ಉಳಿದವರು ನಿಂತಲ್ಲಿಂದಲೇ ಕತ್ತು ಓರೆಮಾಡಿ ಓದುತ್ತಿದ್ದರು. ಟೇಲರಣ್ಣ ಪ್ಯಾಂಟಿನ ಉದ್ದ ಅಳೆಯುವಾಗ ಕೂರುವ ಹಾಗೆ ಒಂದು ಮೊಣಕಾಲು ನೆಲಕ್ಕೂರಿ, ಕಣ್ಣನ್ನು ದ್ರವದ ಮಟ್ಟಕ್ಕೆ ಸರಿಯಾಗಿ ತಂದು, ಉಸಿರು ಬಿಗಿಹಿಡಿದು ಓದುತ್ತಿದ್ದ. ಮೇಡಂ ಅವನ ಹಿಂದೆ ಬಂದು ನಿಂತು ನೋಡಿದರು. ಆಮೇಲೆ, ಎಲ್ಲರೂ ಇಲ್ಲಿ ನೋಡಿ, ಬ್ಯುರೆಟ್ಟನ್ನು ಓದುವುದು ಹೀಗೆ ಎಂದರು.

ಇನ್ನೊಂದು ದಿನ ಗುಲಾಬಿಯ ಪ್ರಶ್ನೆ ಬಂತು. ಆಮ್ಲಕ್ಕೆ ಒಂದು ಸೂಚಕದ ಹನಿ ಹಾಕಿರುತ್ತಾರೆ. ಕ್ಷಾರ ಬಿದ್ದು ಬಿದ್ದು ಆಮ್ಲ ಮುಗಿದ ಕ್ಷಣಕ್ಕೆ ನೀರು ತೆಳು ಗುಲಾಬಿಯಾಗುತ್ತದೆ, ಅಲ್ಲಿ ನಿಲ್ಲಿಸಬೇಕು. ಟೇಲರಣ್ಣ ಎದ್ದು ನಿಂತು, ತೆಳು ಗುಲಾಬಿ ಎಂದರೆ ಯಾವುದು ಎಂದು ವಿನಯದಿಂದ ಕೇಳಿದ. ದಂತವೈದ್ಯರ ಪರದೆಯ ಗುಲಾಬಿಯೇ, ಬ್ಯಾಂಕಿನಮ್ಮನ ಅಂಗಿಯ ಗುಲಾಬಿಯೇ, ಅಥವಾ ಕೂಸಿನ ಟೊಪ್ಪಿಗೆ ಹಾಕುವ ಅಸ್ತರಿನದೇ? ಮೇಡಂ ಇಂಥ ಪ್ರಶ್ನೆಯನ್ನು ಯಾವ ವಿಶ್ವವಿದ್ಯಾಲಯದಲ್ಲೂ ಎದುರಿಸಿರಲಿಲ್ಲ. ಮರುದಿನ ಅವನು ಒಂಬತ್ತು ದಾರದ ರೀಲುಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ. ಇಬ್ಬರೂ ಬೆಳಕಿಗೆ ಹಿಡಿದು, ಬಿಳಿಯ ಹಂಚಿನ ಮೇಲಿಟ್ಟು, ಅರ್ಧ ಗಂಟೆ ಚರ್ಚಿಸಿ ಒಂದನ್ನು ಆರಿಸಿದರು. ಮೂವತ್ತನಾಲ್ಕು ವರ್ಷ ಬಟ್ಟೆಗೆ ದಾರ ಹೊಂದಿಸಿದ ಕಣ್ಣು ಅದು. ಬೇರೆಯವರಿಗೆ ಫ್ಲಾಸ್ಕು ಇನ್ನೂ ನೀರಿನಂತೆ ಕಾಣುವಾಗಲೇ ಅವನಿಗೆ ಬಣ್ಣ ಬಂದದ್ದು ಗೊತ್ತಾಗುತ್ತಿತ್ತು. ಇಂಥ ಕಣ್ಣು ತಮಗಿಲ್ಲವೆಂದು ಮೇಡಂ ಎಲ್ಲರೆದುರೇ ಹೇಳಿದರು.

ಆ ಸಂಜೆ ಟೇಲರಣ್ಣ ಕೋಟು ಬಿಚ್ಚದೆ ಮನೆಗೆ ಹೊರಟ. ಮರೆತೆ ಎಂದು ಹೆಂಡತಿಯ ಮುಂದೆ ಹೇಳಿಕೊಂಡ. ನಾವೂ ಅದನ್ನು ನಂಬಿಬಿಡೋಣ.

ದಾರಿಯಲ್ಲಿ ಹಾಲಿನ ಅಂಗಡಿ. ಹಾಲಿನವನು ಅಳತೆಯ ಗಾಜಿನ ಲೋಟಕ್ಕೆ ಹಾಲು ಹೊಯ್ದು ಇವನ ಮುಂದೆ ಇಟ್ಟ. ಮೇಡಂನ ಹೊಗಳಿಕೆ ಇನ್ನೂ ಇಳಿದಿರದ ಟೇಲರಣ್ಣನಿಗೆ ಆ ಲೋಟದ ಮೇಲಿನ ಗೆರೆ ಕಂಡಿತು. ಕಂಡದ್ದೇ ತಡ, ಬಿಳಿ ಕೋಟು ಸರಿಮಾಡಿಕೊಂಡು, ಒಂದು ಮೊಣಕಾಲು ನೆಲಕ್ಕೂರಿ, ಉಸಿರು ಬಿಗಿಹಿಡಿದು, ಹಾಲಿನ ಮಟ್ಟವನ್ನು ನೋಡಿದ. ಅಭ್ಯಾಸವಾಗಲೆಂದು ಜೇಬಿನಿಂದ ಪುಸ್ತಕ ತೆಗೆದು ಬರೆದೂ ಬರೆದ. ಆಮೇಲೆ ಹಾಲು ತೆಗೆದುಕೊಂಡು, ಒಂದು ಮಾತೂ ಆಡದೆ ಹೊರಟುಹೋದ. ಮಾತಾಡದ್ದಕ್ಕೆ ಕಾರಣ, ಆ ಹೊತ್ತಿಗೆ ಅವನು ಮನಸ್ಸಿನಲ್ಲೇ ಗುಣಾಕಾರ ಮಾಡುತ್ತಿದ್ದ. ಆದರೆ ಹಾಲಿನವನಿಗೆ ಅದು ಹೇಗೆ ತಿಳಿಯಬೇಕು? ಅವನು ಅಂಗಡಿ ಮುಚ್ಚಿ ನೇರವಾಗಿ ಮಹಡಿಮನೆಯ ನಿವೃತ್ತ ಹೆಡ್ ಕ್ಲರ್ಕರ ಬಳಿ ಓಡಿದ.

ಸರಕಾರದ ನಡೆಗಳ ವಿಷಯದಲ್ಲಿ ಬೀದಿಗೆ ಹೆಡ್ ಕ್ಲರ್ಕರದೇ ಕೊನೆಯ ಮಾತು. ಅವರು ಕಣ್ಣುಮುಚ್ಚಿ ಎಲ್ಲವನ್ನೂ ಕೇಳಿದರು. ಬಿಳಿ ಕೋಟು, ಸಂಜೆ ನಾಲ್ಕೂವರೆಗೆ ಅಂಗಡಿ ಬಿಟ್ಟು ಮಾಯವಾಗುವುದು, ಎಲ್ಲಿಗೆಂದು ಕೇಳಿದರೆ ಹೆಂಡತಿ ಬಾಯಿ ಬಿಡದಿರುವುದು, ಈಗ ಈ ಪುಸ್ತಕ. ಗುಪ್ತವಾಗಿ ಆಹಾರ ತಪಾಸಣೆ ಮಾಡುವ ಅಧಿಕಾರಿಗಳು ಹೀಗೇ ಇರುತ್ತಾರೆ, ವರ್ಷಗಟ್ಟಲೆ ನಮ್ಮ ನಡುವೆಯೇ ಇದ್ದು ನಮ್ಮ ಸೊಂಟ ಅಳೆದುಕೊಂಡಿರುತ್ತಾರೆ ಎಂದು ತೀರ್ಪು ಕೊಟ್ಟರು. ಇಪ್ಪತ್ತು ವರ್ಷದಿಂದ ನಾವು ಅವನನ್ನು ಬಲ್ಲೆವಲ್ಲ ಎಂದು ಹಾಲಿನವನು ತೊದಲಿದಾಗ, ಅದೇ ಅವರ ಹೆಚ್ಚುಗಾರಿಕೆ ಎಂದರು.

ಮರುದಿನ ಬಂದ ಹಾಲಿನಲ್ಲಿ ಚಮಚ ನಿಲ್ಲುತ್ತಿತ್ತು. ಬೇಕರಿಯವನು ಇವನನ್ನು ಕಂಡ ಕೂಡಲೇ ಹಳೆಯ ಬ್ರೆಡ್ಡನ್ನು ಒಳಗೆ ಸರಿಸಿ ಹೊಸದನ್ನು ಮುಂದಿಟ್ಟ. ಮಾಂಸದಂಗಡಿಯವನು ತಕ್ಕಡಿಯನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ. ಎಲ್ಲರೂ ಎದ್ದು ನಿಂತು ಸಾರ್ ಎನ್ನತೊಡಗಿದರು. ಟೇಲರಣ್ಣ ಇದನ್ನೆಲ್ಲ ಬಹಳ ಯೋಚಿಸಿ, ತನ್ನದೇ ಒಂದು ನಿರ್ಧಾರಕ್ಕೆ ಬಂದ. ವಿದ್ಯೆ ಎನ್ನುವುದು ಮುಖದಲ್ಲಿ ಕಾಣಿಸಿಕೊಳ್ಳುತ್ತದೆ. ತಾನು ಹೇಳದಿದ್ದರೂ ಜನಕ್ಕೆ ಅದು ಗೊತ್ತಾಗುತ್ತದೆ. ಇದನ್ನು ಹೆಂಡತಿಗೆ ಹೇಳಿದಾಗ ಆಕೆ ಅವನ ಮುಖವನ್ನು ದೀಪದ ಕಡೆ ತಿರುಗಿಸಿ ಚೆನ್ನಾಗಿ ನೋಡಿ, ಸೀಮೆಸುಣ್ಣ ಬಿಟ್ಟರೆ ತನಗೇನೂ ಕಾಣುತ್ತಿಲ್ಲವೆಂದಳು. ಹಾಲು ಮಾತ್ರ ಚೆನ್ನಾಗಿದೆ ಎಂದು ಒಪ್ಪಿಕೊಂಡಳು.

ಹೆಡ್ ಕ್ಲರ್ಕರು ಸುಮ್ಮನೆ ಕೂರುವ ಪೈಕಿಯಲ್ಲ. ಬೀದಿಯ ಚರಂಡಿ, ನೀರಿನ ಟ್ಯಾಂಕು, ಕಸದ ತೊಟ್ಟಿ ಮೂರನ್ನೂ ಸೇರಿಸಿ ಆರೋಗ್ಯ ಕಚೇರಿಗೆ ಒಂದು ಅರ್ಜಿ ಬರೆದರು. ಕೊನೆಯಲ್ಲಿ, ತಮ್ಮ ಇಲಾಖೆಯ ಮೇಲಧಿಕಾರಿಯೊಬ್ಬರು ಬಿಳಿ ಕೋಟಿನಲ್ಲಿ ಈಗಾಗಲೇ ಎಲ್ಲವನ್ನೂ ಗಮನಿಸಿ ಬರೆದುಕೊಳ್ಳುತ್ತಿರುವುದು ತಮಗೆ ತಿಳಿದೇ ಇದೆ ಎಂದೊಂದು ಸಾಲು ಸೇರಿಸಿದರು. ತಮ್ಮ ಮೇಲೆ ಇನ್ನೊಬ್ಬ ಅಧಿಕಾರಿ ಬಂದು ಕೂತಿದ್ದಾರೆ, ಅದು ತಮಗೇ ಗೊತ್ತಿಲ್ಲ ಎಂಬುದು ಅದನ್ನು ಓದಿ ಅರಿವಾದಾಗ ಹೆಲ್ತ್ ಇನ್‌ಸ್ಪೆಕ್ಟರರು ಹಳೆಯ ಫೈಲುಗಳನ್ನೆಲ್ಲ ಕೆಳಗಿಳಿಸಿದರು. ಅವರು ಆ ಟ್ಯಾಂಕಿನ ಮುಚ್ಚಳವನ್ನು ಕೊನೆಯದಾಗಿ ತೆಗೆಸಿದ್ದು ಯಾವಾಗ ಎಂಬುದು ಅವರಿಗೂ ಆ ಟ್ಯಾಂಕಿಗೂ ನೆನಪಿರಲಿಲ್ಲ.

ಮರುದಿನವೇ ಅವರು ಪ್ಯಾಂಟು ಹೊಲಿಸುವ ನೆಪದಲ್ಲಿ ಅಂಗಡಿಗೆ ಬಂದರು. ಟೇಲರಣ್ಣ ಟೇಪು ಹಿಡಿದು ಸುತ್ತಲೂ ಓಡಾಡಿ ಅಳತೆ ಬರೆದುಕೊಂಡ. ಇನ್‌ಸ್ಪೆಕ್ಟರರ ಕಣ್ಣು ಮೇಜಿನ ಮೇಲಿದ್ದ ಇನ್ನೊಂದು ಪುಸ್ತಕದ ಮೇಲಿತ್ತು. ಅದು ಲ್ಯಾಬಿನ ದಾಖಲೆ ಪುಸ್ತಕ. ಟೇಲರಣ್ಣ ಅದನ್ನು ಹೊಲಿಗೆ ಬಟ್ಟೆಯ ಅಡಿಗೆ ತಳ್ಳಿದ.

"ಅದ್ರಲ್ಲಿ ಏನ್ ಬರೀತೀರಿ ಸಾರ್?" ಎಂದು ಇನ್‌ಸ್ಪೆಕ್ಟರರು ಕೊನೆಗೂ ಕೇಳಿಯೇಬಿಟ್ಟರು.

ಟೇಲರಣ್ಣ ನಾಚಿಕೆಯಿಂದ ಕೆಂಪಾದ. "ಈಗ ಹೇಳೋ ಹಾಗಿಲ್ಲ. ಹದಿನಾಲ್ಕನೇ ತಾರೀಕು ಒಂದು ಕಳೀಲಿ. ಆಮೇಲೆ ಎಲ್ಲಾರ್ಗೂ ತಾನಾಗೇ ಗೊತ್ತಾಗತ್ತೆ."

ಹದಿನಾಲ್ಕಕ್ಕೆ ಅವನ ಲ್ಯಾಬ್ ಪರೀಕ್ಷೆ. ಇನ್‌ಸ್ಪೆಕ್ಟರರಿಗೆ ಕೇಳಿಸಿದ್ದು ಬರೀ ತಾರೀಕು, ಮತ್ತು ಹೇಳಿದವನ ಆ ಕೆಂಪಾದ ಮುಖ. ಅವರು ಅದನ್ನು ಸಿಟ್ಟು ಎಂದುಕೊಂಡರು. ಅಂದಿನಿಂದ ಹದಿಮೂರನೆಯ ತಾರೀಕಿನವರೆಗೆ ಬೀದಿಯಲ್ಲಿ ಆದ ಕೆಲಸ ಹಿಂದಿನ ಹದಿಮೂರು ವರ್ಷದಲ್ಲಿ ಆಗಿರಲಿಲ್ಲ. ಟ್ಯಾಂಕಿನೊಳಗೆ ನಾಲ್ಕು ಜನ ಇಳಿದರು. ಚರಂಡಿಯ ಕಲ್ಲುಗಳನ್ನು ಬ್ರಶ್ಶಿನಿಂದ ಉಜ್ಜಿದರು. ಇನ್‌ಸ್ಪೆಕ್ಟರರು ಖುದ್ದಾಗಿ ನಿಂತು, ಪ್ರತಿಯೊಂದಕ್ಕೂ ದಿನಾಂಕ ಹಾಕಿ ಒಂದು ಫೈಲು ಕಟ್ಟಿಟ್ಟುಕೊಂಡರು.

ಸುದ್ದಿ ಕಾಲೇಜಿಗೂ ಹೋಯಿತು. ಲ್ಯಾಬ್ ಅಟೆಂಡರು ಹಾಲು ಒಯ್ಯುತ್ತಿದ್ದುದು ಅದೇ ಅಂಗಡಿಯಿಂದ.

ಹದಿನಾಲ್ಕರಂದು ಟೇಲರಣ್ಣ ಕೋಟಿಗೆ ಎರಡು ಸಲ ಇಸ್ತ್ರಿ ಹಾಕಿದ. ಲ್ಯಾಬ್ ಪರೀಕ್ಷೆಯಲ್ಲಿ ಫೇಲಾದರೆ ಇಡೀ ಕೋರ್ಸೇ ಫೇಲು ಎಂಬುದು ನಿಯಮ. ಲಿಖಿತ ಪರೀಕ್ಷೆಯಲ್ಲಿ ಎಷ್ಟು ಬಂದರೂ ಉಪಯೋಗವಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಅವನ ಬಾಯಿ ತೆಗೆಸಿ ನೋಡಿ, ಸೂಜಿಗಳಿಲ್ಲವೆಂದು ಖಾತ್ರಿ ಮಾಡಿಕೊಂಡು ಕಳಿಸಿದಳು. ಅವನ ಹಿಂದೆ ಐವತ್ತು ಹೆಜ್ಜೆ ಬಿಟ್ಟು ಹಾಲಿನವನು, ಹೆಡ್ ಕ್ಲರ್ಕರು, ಫೈಲು ಹಿಡಿದ ಇನ್‌ಸ್ಪೆಕ್ಟರರು ನಡೆದು ಬರುತ್ತಿದ್ದದ್ದನ್ನು ಆಕೆ ಕಂಡಳು. ಏನು ಎತ್ತ ಎಂದು ತಿಳಿಯಲಿಲ್ಲ. ಆದರೂ ಗಂಡನ ಜೊತೆ ಇಷ್ಟು ಜನ ಹೋಗುತ್ತಿದ್ದಾರಲ್ಲ ಎಂದು ಸಮಾಧಾನಪಟ್ಟುಕೊಂಡಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಆಮ್ಲ ಹಂಚಿಸಿ, ಒಂದೂವರೆ ಗಂಟೆ ಕೊಟ್ಟರು. ಟೇಲರಣ್ಣ ಕೆಲಸ ಶುರುಮಾಡಿದ. ಬ್ಯುರೆಟ್ಟಿನ ಮಟ್ಟ ಹತ್ತು ಪಾಯಿಂಟ್ ಎರಡಕ್ಕೆ ಇಳಿಯಿತು. ಫ್ಲಾಸ್ಕಿನಲ್ಲಿ ಗುಲಾಬಿಯ ಸುಳಿವಿಲ್ಲ. ಹತ್ತೂವರೆ, ಹನ್ನೊಂದು; ನೀರು ನೀರಾಗಿಯೇ ಇತ್ತು. ಹನ್ನೊಂದು ಪಾಯಿಂಟ್ ನಾಲ್ಕಕ್ಕೆ, ಆ ಆರಿಸಿದ ದಾರದ ಬಣ್ಣ ಬಂದು ನಿಂತಿತು. ಎಲ್ಲವನ್ನೂ ತೊಳೆದು ಮತ್ತೊಮ್ಮೆ ಮಾಡಿದ. ಹನ್ನೊಂದು ಪಾಯಿಂಟ್ ನಾಲ್ಕು. ಮೂರನೆಯ ಸಲವೂ ಅದೇ. ಪಕ್ಕದ ಮೇಜಿನ ಹುಡುಗಿ ಅವನ ಪುಸ್ತಕದ ಕಡೆ ಇಣುಕಿ ಗಾಬರಿಯಾದಳು.

"ಅಂಕಲ್, ಹತ್ತು ಪಾಯಿಂಟ್ ಎರಡು ಅಂತ ಬರ್ದುಬಿಡಿ. ಎಲ್ಲಾರೂ ಹಂಗೇ ಬರ್ದಿದೀವಿ. ಅದೇ ಅಲ್ವಾ ಬರೋದು?"

ಅವನು ಅವಳ ಬ್ಯುರೆಟ್ಟಿನ ಕಡೆಗೊಮ್ಮೆ, ತನ್ನ ಬ್ಯುರೆಟ್ಟಿನ ಕಡೆಗೊಮ್ಮೆ ನೋಡಿ, ಸೀಸದಕಡ್ಡಿಯನ್ನು ಚೂಪು ಮಾಡಿಕೊಂಡು ಹನ್ನೊಂದು ಪಾಯಿಂಟ್ ನಾಲ್ಕು ಎಂದು ಮೂರು ಸಾಲಿನಲ್ಲೂ ಬರೆದ.

ಪರೀಕ್ಷಕರು ಪುಸ್ತಕಗಳನ್ನು ನೋಡುತ್ತ ಬಂದರು. ವಿಭಾಗದ ರಿಜಿಸ್ಟರಿನಲ್ಲಿ ಸರಿಯುತ್ತರ ಹತ್ತು ಪಾಯಿಂಟ್ ಎರಡೆಂದಿತ್ತು. ಹದಿನಾರು ಪುಸ್ತಕಗಳಲ್ಲೂ ಹತ್ತು ಪಾಯಿಂಟ್ ಎರಡು. ಹದಿನೇಳನೆಯದರ ಮುಂದೆ ನಿಂತರು. ಕಿಟಕಿಯ ಆಚೆ ಮೂವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಳಗೆ ಕಳಪೆ ಆಮ್ಲದ ತಪಾಸಣೆ ನಡೆಯುತ್ತಿದೆ ಎಂದು ಹೆಡ್ ಕ್ಲರ್ಕರು ಇಬ್ಬರಿಗೂ ವಿವರಿಸಿಯಾಗಿತ್ತು.

"ಯಾವ ವರ್ಷದ ವಿದ್ಯಾರ್ಥಿ ನೀವು?" ಎಂದು ಪರೀಕ್ಷಕರು ಕೇಳಿದರು.

"ಮೊದಲನೇ ವರ್ಷ, ಸಾರ್."

ಕಿಟಕಿಯ ಆಚೆ ಹೆಡ್ ಕ್ಲರ್ಕರ ಬಾಯಿ ತೆರೆದುಕೊಂಡಿತು. ಇನ್‌ಸ್ಪೆಕ್ಟರರ ಕೈಯ ಫೈಲು ಜಾರಿತು. ಆ ಸದ್ದಿಗೆ ತಿರುಗಿದ ಟೇಲರಣ್ಣ ಮೂವರನ್ನೂ ಕಂಡ. ಇಷ್ಟು ದಿನ ಕಾಪಾಡಿಕೊಂಡ ಗುಟ್ಟು ಬಯಲಾದದ್ದು ಫೇಲಾಗುವ ಘಳಿಗೆಯಲ್ಲೇ. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಪರೀಕ್ಷಕರು ಕೆಟ್ಟವರಲ್ಲ. ಇನ್ನೂ ಹತ್ತು ನಿಮಿಷವಿದೆ, ಎಲ್ಲೋ ಓದುವಾಗ ತಪ್ಪಾಗಿರಬೇಕು, ಉಳಿದವರ ಉತ್ತರ ನೋಡಿದರೆ ನಿಮಗೇ ತಿಳಿಯುತ್ತದೆ, ಬೇಕಾದರೆ ತಿದ್ದಿ ಬರೆಯಿರಿ ಎಂದರು. ತಗ್ಗಿದ ದನಿಯಲ್ಲೇ ಹೇಳಿದರು. ತಿದ್ದುವುದೆಂದರೆ ಮೂರು ಅಂಕಿ ಅಳಿಸುವ ಕೆಲಸ. ರಬ್ಬರು ಮೇಜಿನ ಮೇಲೇ ಇತ್ತು.

ಟೇಲರಣ್ಣ ಎದ್ದು ನಿಂತ.

"ಸಾರ್, ತರಗತೀಲಿ ನನಗೂ ಹತ್ತು ಪಾಯಿಂಟ್ ಎರಡೇ ಬರ್ತಿತ್ತು. ಇವತ್ತು ಬರ್ತಿಲ್ಲ. ಯಾಕೆ ಅಂತ ನನಗೆ ಗೊತ್ತಿಲ್ಲ. ಗಿರಾಕಿ ಸೊಂಟ ನಲವತ್ತಿರುವಾಗ ಮೂವತ್ತೆಂಟು ಅಂತ ಬರ್ಕೊಂಡ್ರೆ ಅವರಿಗೆ ಖುಷಿಯಾಗತ್ತೆ, ಆದ್ರೆ ಪ್ಯಾಂಟು ಮೇಲೇರಲ್ಲ. ಟೇಪಲ್ಲಿ ಕಂಡಿದ್ದನ್ನೇ ಬರೀಬೇಕು ಅಂತ ನಮ್ಮಪ್ಪ ಕಲಿಸಿದ್ರು. ನನಗೆ ಕಂಡಿದ್ದು ಹನ್ನೊಂದು ಪಾಯಿಂಟ್ ನಾಲ್ಕು. ಫೇಲ್ ಮಾಡಿ ಸಾರ್, ಪರವಾಗಿಲ್ಲ."

ಪರವಾಗಿಲ್ಲ ಎಂಬ ಆ ಒಂದು ಮಾತು ಮಾತ್ರ ಸುಳ್ಳೆಂದು ಲ್ಯಾಬಿನಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ಇದುವರೆಗೆ ಮೂಲೆಯಲ್ಲಿ ನಿಂತಿದ್ದ ಮೇಡಂ ಮುಂದೆ ಬಂದರು. ಯಾರನ್ನೂ ಏನೂ ಕೇಳದೆ ಮೊದಲ ಮೇಜಿಗೆ ಹೋಗಿ, ಒಂದು ಮೊಣಕಾಲು ನೆಲಕ್ಕೂರಿ, ಅಲ್ಲಿದ್ದ ಬ್ಯುರೆಟ್ಟನ್ನು ಓದಿದರು. ಹನ್ನೊಂದು ಪಾಯಿಂಟ್ ಐದು. ಪಕ್ಕದಲ್ಲಿದ್ದ ಪುಸ್ತಕದಲ್ಲಿ ಹತ್ತು ಪಾಯಿಂಟ್ ಎರಡು. ಎರಡನೆಯ ಮೇಜು, ಹನ್ನೊಂದು ಪಾಯಿಂಟ್ ಆರು. ಪುಸ್ತಕದಲ್ಲಿ ಹತ್ತು ಪಾಯಿಂಟ್ ಎರಡು. ಮೂರನೆಯದರಲ್ಲಿ ಹನ್ನೆರಡೇ ದಾಟಿ, ಫ್ಲಾಸ್ಕು ಕಡುಗೆಂಪಾಗಿತ್ತು. ಪುಸ್ತಕದಲ್ಲಿ ಹತ್ತು ಪಾಯಿಂಟ್ ಎರಡು. ಹೀಗೆ ಹದಿನಾರು ಮೇಜುಗಳ ಮುಂದೆಯೂ ಆ ಕುಳ್ಳನೆಯ ಮೇಡಂ ಮೊಣಕಾಲೂರಿ ಎದ್ದರು. ಪ್ರತಿ ಸಲವೂ ಓದಿದ ಅಂಕಿಯನ್ನು ಗಟ್ಟಿಯಾಗಿ ಹೇಳಿದರು. ಪ್ರತಿ ಸಲವೂ ಒಂದೊಂದು ತಲೆ ಕೆಳಗಾಯಿತು. ಬ್ಯುರೆಟ್ಟುಗಳೆಲ್ಲ ನಿಜ ಹೇಳುತ್ತ ನಿಂತಿದ್ದವು. ಅವುಗಳ ಕಡೆ ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

ಕೊನೆಯ ಮೇಜು ಮುಗಿಸಿ ಅವರು ಅಟೆಂಡರ ಕಡೆ ತಿರುಗಿದರು. ಅಟೆಂಡರು ಆಗಲೇ ಗೋಡೆಗೆ ಅಂಟಿಕೊಂಡಿದ್ದರು.

"ಮೇಡಂ, ಈ ಸಲ ಆಮ್ಲದ ಹರಳನ್ನ ತೂಕ ಹಾಕಿ ಕರಗಿಸಿದೆ."

"ಮತ್ತೆ ಇಷ್ಟು ವರ್ಷ ಹೇಗೆ ಮಾಡ್ತಿದ್ರಿ?"

"ಚಮಚದಲ್ಲಿ."

ಇಪ್ಪತ್ತೆರಡು ವರ್ಷದ ಸತ್ಯ ಆ ಒಂದು ಮಾತಿನಲ್ಲಿ ಹೊರಬಂತು. ಅವರ ಬಳಿ ಒಂದು ತಗಡಿನ ಚಮಚವಿತ್ತು. ಒಂದು ಸೀಸೆಗೆ ತಲೆ ಸವರಿದ ಐದು ಚಮಚ. ತಕ್ಕಡಿಯನ್ನು ಮುಟ್ಟಿದವರೇ ಅಲ್ಲ. ಈ ಬ್ಯಾಚಿನಲ್ಲಿ ಗುಪ್ತ ಅಧಿಕಾರಿ ಕೂತಿದ್ದಾರೆ, ಹದಿನಾಲ್ಕಕ್ಕೆ ಎಲ್ಲ ಬಯಲಾಗುತ್ತದೆ ಎಂದು ಹಾಲಿನಂಗಡಿಯಲ್ಲಿ ಕೇಳಿದ ಮೇಲೆ, ಹೆದರಿ, ಸರ್ವೀಸಿನಲ್ಲೇ ಮೊದಲ ಬಾರಿಗೆ ಪುಸ್ತಕದಲ್ಲಿ ಹೇಳಿದಷ್ಟು ಹರಳನ್ನು ಸರಿಯಾಗಿ ತೂಗಿ ಹಾಕಿದ್ದರು. ಅಂದರೆ ಅಂದಿನ ಆಮ್ಲವೊಂದೇ ಸರಿಯಾದದ್ದು, ಹಿಂದಿನದೆಲ್ಲ ತೆಳು. ಹೇಳುತ್ತ ಅವರು ಟೇಲರಣ್ಣನ ಕಡೆ ಬೆರಳು ತೋರಿಸಿದರು. ಟೇಲರಣ್ಣ ಯಾವ ಅಧಿಕಾರಿ ಎಂದು ತನ್ನ ಹಿಂದೆ ತಿರುಗಿ ನೋಡಿದ. ಹಿಂದೆ ನಲ್ಲಿಯೊಂದೇ ಇತ್ತು.

ಇಲ್ಲಿ ಅಟೆಂಡರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ತಕ್ಕಡಿಯಿಲ್ಲದೆ, ಬರಿಯ ಚಮಚದಲ್ಲಿ, ಇಪ್ಪತ್ತೆರಡು ವರ್ಷ ಹತ್ತು ಪಾಯಿಂಟ್ ಎರಡನ್ನು ಒಂದು ಕೂದಲೆಳೆ ಆಚೀಚೆ ಆಗದಂತೆ ನಿಲ್ಲಿಸಿದ ಕೈ ಅದು. ತಪ್ಪನ್ನು ಅಷ್ಟು ಶಿಸ್ತಿನಿಂದ ಮಾಡುವವರು ಸಾವಿರಕ್ಕೊಬ್ಬರು. ಪರೀಕ್ಷಕರಿಗೂ ಹಾಗೇ ಅನ್ನಿಸಿರಬೇಕು. ಅವರು ಕನ್ನಡಕ ತೆಗೆದು ಒರೆಸುತ್ತ ಬಹಳ ಹೊತ್ತು ಚಾವಣಿ ನೋಡಿದರು. ಆಮೇಲೆ ಹದಿನಾರು ಮಂದಿಗೂ ಫ್ಲಾಸ್ಕು ತೊಳೆದು ಮೊದಲಿನಿಂದ ಶುರುಮಾಡಲು ಹೇಳಿ, ಹದಿನೇಳನೆಯವರು ಹೊರಡಬಹುದು ಎಂದರು.

ಮೇಡಂ ಅವನನ್ನು ಬಾಗಿಲವರೆಗೆ ಬಿಡಲು ಬಂದರು. ರಿಜಿಸ್ಟರಿನಲ್ಲಿದ್ದ ಅಂಕಿಯನ್ನು ತಾವೇ ಒಮ್ಮೆ ಹರಳು ತೂಗಿ ಮಾಡಿ ನೋಡದೆ ನಂಬಿದ್ದು ತಪ್ಪಾಯಿತು, ಇವತ್ತು ನಿಮ್ಮಿಂದ ಕಲಿತೆ ಎಂದರು. ಟೇಲರಣ್ಣ, ನಿಮ್ಮ ಕೋಟಿನ ಎಡತೋಳಿನ ಹೊಲಿಗೆ ಸ್ವಲ್ಪ ಬಿಟ್ಟಿದೆ, ನಾಳೆ ಕಳಿಸಿ ಎಂದ.

ಹೊರಗೆ ಮೂವರೂ ಕಾದಿದ್ದರು. ಟೇಲರಣ್ಣ ನಗೆಪಾಟಲಿಗೆ ಸಿದ್ಧನಾಗಿಯೇ ಹೋದ. ನಾನು ಯಾವ ಅಧಿಕಾರಿಯೂ ಅಲ್ಲ, ಈ ವಯಸ್ಸಲ್ಲಿ ಓದಲು ಬಂದವನು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಹಾಲಿನವನ ಮುಖ ನಿಧಾನವಾಗಿ ಅರಳಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ನಾಳೆಯಿಂದ ಹಾಲನ್ನು ಮೊದಲಿನಂತೆಯೇ ಕೊಡಬಹುದಲ್ಲ ಎಂದು ಅವನು ಇನ್‌ಸ್ಪೆಕ್ಟರರ ಕಿವಿಯಲ್ಲಿ ಉಸುರಿದ. ಇನ್‌ಸ್ಪೆಕ್ಟರರು ಅವನನ್ನು ಪಕ್ಕಕ್ಕೆ ಎಳೆದರು.

"ಹುಚ್ಚಪ್ಪಾ, ಇವ್ರು ಆಫೀಸರ್ ಆಗಿದ್ರೆ ಹೇಗೋ ಮಾತಾಡಿ ಸರಿಮಾಡ್ಕೋಬಹುದಿತ್ತು. ಕಿಟಕೀಲಿ ನೋಡ್ಲಿಲ್ವಾ? ತಾನೇ ಫೇಲಾಗ್ತೀನಿ ಅಂತ ಗೊತ್ತಿದ್ರೂ ಕಂಡಿದ್ದನ್ನೇ ಬರ್ದ್ರು. ಇಂಥವ್ರ ಹತ್ರ ಏನ್ ಮಾತಾಡ್ತೀಯಾ?"

ಹಾಲು ಗಟ್ಟಿಯಾಗಿಯೇ ಉಳಿಯಿತು.

ತಿಂಗಳ ಮೇಲೆ ಕಾಲೇಜಿನ ಗೋಡೆಗೆ ಫಲಿತಾಂಶದ ಪಟ್ಟಿ ಅಂಟಿಸಿದರು. ಟೇಲರಣ್ಣ ಒಬ್ಬನೇ ಹೋಗಿ ಬರುತ್ತೇನೆಂದರೂ ಬೀದಿ ಕೇಳಲಿಲ್ಲ. ಹೆಂಡತಿ ಅಂಗಡಿಯ ಬಾಗಿಲು ಎಳೆದು ಬಂದಳು. ಅವಳ ಹಿಂದೆ ಹೆಡ್ ಕ್ಲರ್ಕರು, ಬೇಕರಿಯವನು, ಹಾಲಿನವನು. ಗುಂಪಿನಲ್ಲಿ ಟೇಲರಣ್ಣನ ಕಾಲು ಯಾಕೋ ಹಿಂದೆ ಹಿಂದೆಯೇ ಬೀಳುತ್ತಿತ್ತು. ಹೀಗಾಗಿ ಪಟ್ಟಿಯ ಮುಂದೆ ಮೊದಲು ಹೋಗಿ ನಿಂತವಳು ಹೆಂಡತಿ. ಅವನ ನಂಬರು ಅವಳಿಗೆ ಬಾಯಿಪಾಠ. ಮೇಲಿನಿಂದ ಮೂರನೆಯ ಸಾಲಿನಲ್ಲೇ ಅದು ಇತ್ತು. ಅವಳ ಭುಜದ ಮೇಲಿಂದ ಇಣುಕಿದ ಹೆಡ್ ಕ್ಲರ್ಕರಿಗೂ ಅದು ಕಂಡು, ಘೋಷಿಸಲು ಅವರು ಎದೆ ತುಂಬ ಉಸಿರೆಳೆದುಕೊಂಡರು. ಆಕೆ ಅವರ ಕೈಯನ್ನು ಗಟ್ಟಿಯಾಗಿ ಅದುಮಿ ಸುಮ್ಮನಿರಿಸಿ, ಗಂಡನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಟೇಲರಣ್ಣ ಕಾಗದಕ್ಕೆ ಬೆರಳಿಟ್ಟು, ಪಟ್ಟಿಯ ಕೆಳಗಿನಿಂದ ಶುರುಮಾಡಿದ. ಒಂದೊಂದು ನಂಬರನ್ನೂ ಓದಿ, ತನ್ನ ಚೀಟಿಗೆ ಹೋಲಿಸಿ, ಮೇಲಕ್ಕೆ ಹೋದ. ಮೂರನೆಯ ಸಾಲಿಗೆ ಬಂದು ಬೆರಳು ನಿಂತಿತು. ಅವನು ಚೀಟಿ ನೋಡಿದ, ಸಾಲು ನೋಡಿದ, ಮತ್ತೆ ಚೀಟಿ ನೋಡಿದ. ಆಮೇಲೆ ಕಣ್ಣೊರೆಸಿಕೊಂಡು ಹೆಂಡತಿಯ ಕಡೆ ತಿರುಗಿದ.

"ಇದೆ ಕಣೇ," ಎಂದ.

"ಹೌದಾ?" ಎಂದಳು ಆಕೆ, ಏನೂ ಗೊತ್ತಿಲ್ಲದವಳ ಹಾಗೆ. "ಎಲ್ಲಿ, ತೋರಿಸಿ."